ಇವತ್ತು ಯಾವ ಬಣ್ಣದ ಸೀರೆ?

“ಇವತ್ತು ಯಾವ ಬಣ್ಣದ ಸೀರೆ? ಹೇಳು ನೋಡಾನ,” ಫೋನಿನಲ್ಲಿ ಅಮ್ಮ ಕೇಳಿದಳು.

“ನೇರಳೆ!” ಶೃತಿ ಥಟ್ಟನೆ ಹೇಳಿದಳು. “ಅಂಚು ಬೆಳ್ಳಿ ಥರ ಹೊಳೀತಿತ್ತು.”

“ಅತ್ತೆ ಅಷ್ಟೊಂದು ಬಯ್ಯುವಾಗ ತುಂಗಾ ಏನ್ ಮಾಡ್ತಿದ್ಲು?”

“ಕಂಬ ಹಿಡ್ಕೊಂಡು ನಿಂತಿದ್ಲು. ಅಳ್ಲಿಲ್ಲ, ಕಣ್ಣು ಮಾತ್ರ ತುಂಬ್ಕೊಂಡಿತ್ತು. ಆಮೇಲೆ ಸೆರಗಿನ ತುದಿ ಬಾಯಿಗೆ ಒತ್ಕೊಂಡ್ಲು.”

“ಹೂಂ. ಕರೆಕ್ಟು!” ಎಂದಳು ಅಮ್ಮ.

ಅವಳ ಹಿಂದೆ ಎಲ್ಲೋ ಕುಕ್ಕರ್ ಕೂಗಿತು. “ಇಡ್ಲಾ ಮಗ? ಇವ್ರಿಗೆಲ್ಲ ಊಟಕ್ಕೆ ಬಡಿಸ್ಬೇಕು. ಅಜ್ಜಿ ಮಾತು ಕೇಳು,” ಎಂದು ಹೇಳಿ ಅವಳು ಫೋನ್ ಇಟ್ಟಳು.

ಶೃತಿ ಗುಂಡಿ ಒತ್ತುವ ಆ ಪುಟ್ಟ ಫೋನನ್ನು ಟಿವಿ ಪಕ್ಕದಲ್ಲಿಟ್ಟಳು. ಮನೆ ಮತ್ತೆ ಸುಮ್ಮನಾಯಿತು. ಅಜ್ಜಿ ಆಗಲೇ ಗೋಡೆಗೆ ಒರಗಿ ತೂಕಡಿಸುತ್ತಿದ್ದಳು.

ಶೃತಿ ಬೆಟ್ಟದಪುರದ ಶಾಲೆಯಲ್ಲಿ ಐದನೇ ಕ್ಲಾಸು. ಅವಳ ಅಪ್ಪ ತೀರಿಕೊಂಡು ಬಹಳ ವರ್ಷವಾಗಿತ್ತು. ಅಮ್ಮ ಪುಟ್ಟಲಕ್ಷ್ಮಿ ಮೈಸೂರಿನ ಒಂದು ದೊಡ್ಡ ಮನೆಯಲ್ಲಿ ಅಡುಗೆ ಕೆಲಸಕ್ಕಿದ್ದಳು. ಆ ಮನೆಯಲ್ಲೇ ಮಲಗುವುದು, ಅಲ್ಲೇ ಏಳುವುದು. ರಜಾ ಸಿಕ್ಕಿದಾಗ ಬರುತ್ತಿದ್ದಳು, ಆದರೆ ರಜಾ ಸಿಗುವುದೇ ಅಪರೂಪ. ಶೃತಿ ಇದ್ದದ್ದು ಅಮ್ಮನ ಅಮ್ಮ ಸಾಕಮ್ಮಜ್ಜಿಯ ಜೊತೆ. ಅಜ್ಜಿ ಹಗಲೆಲ್ಲ ಹೊಗೆಸೊಪ್ಪು ಕಟ್ಟುವ ಕೆಲಸಕ್ಕೆ ಹೋಗಿ, ಎಷ್ಟು ತಿಕ್ಕಿದರೂ ಬಿಡದ ಕರಿ ಅಂಟನ್ನು ಅಂಗೈ ತುಂಬ ಹೊತ್ತುಕೊಂಡು ಸಾಯಂಕಾಲ ಮನೆಗೆ ಬರುತ್ತಿದ್ದಳು. ಮುದ್ದೆ ಉಂಡ ಮೇಲೆ ಅವಳ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಪಾಪ, ಅವಳನ್ನು ಎಬ್ಬಿಸಿ ಕೂರಿಸಿ ಮಾತಾಡಿಸಲು ಆಗುತ್ತದೆಯೇ?

ಅಮ್ಮ ಮೈಸೂರಿಗೆ ಹೋದ ಹೊಸದರಲ್ಲಿ ಫೋನಿನ ಮಾತು ಹೀಗಿರುತ್ತಿತ್ತು:

“ಊಟ ಆಯ್ತಾ?”

“ಆಯ್ತು.”

“ಹೋಂವರ್ಕು?”

“ಆಯ್ತು.”

“ಅಜ್ಜಿ?”

“ಅವ್ಳೆ.”

ಆಮೇಲೆ ಎರಡು ಕಡೆಯೂ ಮೌನ. ಹೇಳಲು ಎಷ್ಟೋ ಇರುತ್ತಿತ್ತು, ಆದರೆ ಎಲ್ಲಿಂದ ಶುರು ಮಾಡುವುದೆಂದು ಶೃತಿಗೆ ಗೊತ್ತಾಗುತ್ತಿರಲಿಲ್ಲ.  ಅಷ್ಟರಲ್ಲಿ ಅಮ್ಮ “ಇಡ್ಲಾ?” ಅನ್ನುತ್ತಿದ್ದಳು.

ಆಗ ಬಂದದ್ದು ‘ತವರಿಲ್ಲದ ತುಂಗಾ’ ಧಾರಾವಾಹಿ. ದೀಪ ಹಚ್ಚುವ ಹೊತ್ತಿಗೆ ಶುರುವಾಗಿ ಅರ್ಧ ಗಂಟೆ ಇರುತ್ತಿತ್ತು. ಅಪ್ಪ ಅಮ್ಮ ಇಲ್ಲದ, ಗಂಡನ ಮನೆಯವರಿಂದ ದಿನಾ ಬಯ್ಯಿಸಿಕೊಳ್ಳುವ ತುಂಗಾ. ಮೊಣಕಾಲು ಮುಟ್ಟುವ ಜಡೆಯ ತುಂಗಾ. ಅವಳ ಮಾತಂತೂ ಹಂಡೆಯ ನೀರಿನ ಹಾಗೆ ಬೆಚ್ಚಗೆ. ಧಾರಾವಾಹಿಯಲ್ಲಿ ಪಕ್ಕದ ಮನೆಯ ಮಗುವನ್ನು ಅವಳು “ಬಾ ಕಂದಾ” ಎಂದು ಕರೆದರೆ, ಇಲ್ಲಿ ಬೆಟ್ಟದಪುರದಲ್ಲಿ ಕೂತ ಶೃತಿ ಒಂದು ಗೇಣು ಮುಂದಕ್ಕೆ ಸರಿಯುತ್ತಿದ್ದಳು.

ಮೈಸೂರಿನಲ್ಲಿ ಅಮ್ಮನೂ ಅದನ್ನೇ ನೋಡುತ್ತಿದ್ದಳು. “ಇವ್ರು ನನ್ನನ್ನೂ ಕರ್ದು ಸೋಫಾ ಪಕ್ಕ ಕೂರಿಸ್ಕೋತಾರೆ ಕಣೇ. ಟಿವಿ ನಮ್ಮನೆ ಗೋಡೆ ಅಗಲ ಅದೆ,” ಎಂದಿದ್ದಳು. ಧಾರಾವಾಹಿ ಮುಗಿದ ಕೂಡಲೇ ಅವಳ ಫೋನು ಬರುತ್ತಿತ್ತು. ಕೂಡಲೇ ಪರೀಕ್ಷೆ ಶುರು! ಯಾವ ಬಣ್ಣದ ಸೀರೆ? ಕೂತಿದ್ದಳೋ ನಿಂತಿದ್ದಳೋ? ಬಾಗಿಲು ಹಾಕಿದ್ದು ಯಾರು? ಶೃತಿ ಒಂದೂ ತಪ್ಪದೆ ಹೇಳುತ್ತಿದ್ದಳು. ಇಬ್ಬರೂ ಸೇರಿ ಆ ಅತ್ತೆಯನ್ನು ಚೆನ್ನಾಗಿ ಬಯ್ಯುತ್ತಿದ್ದರು. ಮಾತು ಹುಡುಕುವುದು ನಿಂತೇ ಹೋಗಿತ್ತು.

ಒಂದೇ ಒಂದು ದಿನ ಆಟ ತಿರುಗುಮುರುಗಾಗಿತ್ತು. ಅಂದು ಬೆಟ್ಟದಪುರದಲ್ಲಿ ಕರೆಂಟು ಹೋಗಿತ್ತು. “ಇವತ್ತು ನೀನೇ ಹೇಳಮ್ಮ,” ಎಂದಳು ಶೃತಿ. ಅಮ್ಮ ಎಲ್ಲರ ಮಾತನ್ನೂ ಒಂದಕ್ಷರ ಬಿಡದೆ ಒಪ್ಪಿಸಿದಳು. “ಸೀರೆ ಯಾವ ಬಣ್ಣ?” ಎಂದು ಶೃತಿ ಕೇಳಿದಾಗ ಮಾತ್ರ, “ಅಯ್ಯೋ, ಒಗ್ಗರಣೆ ಸೀದೋಗ್ತದೆ ಮಗ, ಇಡ್ತೀನಿ,” ಎಂದುಬಿಟ್ಟಿದ್ದಳು. ಅಮ್ಮ ಪರೀಕ್ಷೆಯಲ್ಲಿ ಫೇಲು ಎಂದು ಶೃತಿ ಒಬ್ಬಳೇ ನಕ್ಕಿದ್ದಳು.

ಈಗ ಆ ಧಾರಾವಾಹಿಯೇ ಮುಗಿಯಲಿತ್ತು. ‘ಅಂತಿಮ ಸಂಚಿಕೆಗಳು’ ಎಂದು ಟಿವಿಯಲ್ಲಿ ದೊಡ್ಡ ಅಕ್ಷರದಲ್ಲಿ ತೋರಿಸುತ್ತಿದ್ದರು. ಅದನ್ನು ಕಂಡಾಗಲೆಲ್ಲ ಶೃತಿಗೆ ಒಂದೇ ಯೋಚನೆ. ತುಂಗಾ ಹೋದರೆ ಅಮ್ಮನ ಹತ್ತಿರ ಏನು ಮಾತಾಡುವುದು? ಮತ್ತೆ ಅದೇ “ಆಯ್ತು, ಆಯ್ತು, ಅವ್ಳೆ” ತಾನೇ?

ಶಾಲೆಯಲ್ಲಿ ಹೇಳಿಕೊಳ್ಳೋಣ ಎಂದರೆ ಅಲ್ಲೂ ಯಾರೂ ಇರಲಿಲ್ಲ. “ಬರೀ ತುಂಗಾ ತುಂಗಾ ಅಂತೀಯಲ್ಲೇ, ಬೇರೆ ಏನೂ ಬರಲ್ವಾ ನಿಂಗೆ?” ಎಂದು ಕ್ಲಾಸಿನ ಪವಿತ್ರ ಹೇಳಿದ ಮೇಲೆ ಶೃತಿ ಊಟದ ಹೊತ್ತಿನಲ್ಲಿ ಕೊನೆಯ ಮೆಟ್ಟಿಲ ಮೇಲೆ ಒಬ್ಬಳೇ ಕೂರುತ್ತಿದ್ದಳು.

ಅಂಥದ್ದರಲ್ಲಿ ಒಂದು ಬೆಳಿಗ್ಗೆ ಬೀದಿಯಲ್ಲಿ ಮೈಕ್ ಕೂಗಿತು.

“ನಿಮ್ಮ ಮೆಚ್ಚಿನ ತುಂಗಾ, ಖ್ಯಾತ ನಟಿ ವಿಭಾವರಿ ಅವರು ಇದೇ ಶನಿವಾರ ಪಿರಿಯಾಪಟ್ಟಣಕ್ಕೆ! ಹೊಸ ಸೀರೆ ಅಂಗಡಿಯ ಉದ್ಘಾಟನೆಗೆ! ಬನ್ನಿ, ಬನ್ನಿ!”

ಶೃತಿ ಹಲ್ಲುಜ್ಜುತ್ತಿದ್ದವಳು ಬಾಯಿ ತುಂಬ ನೊರೆ ಇಟ್ಟುಕೊಂಡೇ ಓಡಿದಳು. ಮೈಕ್ ಕಟ್ಟಿದ್ದ ಆಟೋ ಬೇರೆ ಯಾರದೂ ಅಲ್ಲ, ಮೂರನೇ ಮನೆಯ ಕಾಂತರಾಜ್ ಮಾವನದು.

“ಮಾವ, ನಿಜವಾಗ್ಲೂ ಬತ್ತಾರಾ?”

“ಬತ್ತಾರೆ ಕಣವ್ವ. ಸುಳ್ಳು ಕೂಗಾಕೆ ನಂಗೇನ್ ಹುಚ್ಚಾ?”

“ನನ್ನೂ ಕರ್ಕೊಂಡೋಗ್ತೀಯಾ? ನಾನು ಅವ್ರತ್ರ ಒಂದು ಮಾತು ಕೇಳ್ಬೇಕು.”

“ಮೊದ್ಲು ಬಾಯಿ ತೊಳ್ಕೊ ಹೋಗು,” ಎಂದು ಕಾಂತರಾಜ್ ನಕ್ಕ. “ಅಜ್ಜಿ ಹೂಂ ಅಂದ್ರೆ ಕರ್ಕೊಂಡೋಗ್ತೀನಿ ಬುಡು.”

ಅಜ್ಜಿ ಹೂಂ ಎಂದಳು. ಹೂಂ ಎಂದದ್ದು ಮಾತ್ರವಲ್ಲ, ತಾನೂ ಹೊರಟಳು. ಯಾಕೆಂದರೆ ಅಜ್ಜಿಯ ಲೆಕ್ಕದಲ್ಲಿ ತುಂಗಾ ನಿಜವಾದ ತುಂಗಾ. ಅವಳಿಗೆ ತವರಿಲ್ಲ ಅನ್ನುವುದೂ ನಿಜ.

“ತಾಯಿ ಇಲ್ದ ಎಣ್ಣು, ಇಷ್ಟು ಅತ್ರ ಬತ್ತಾ ಅವ್ಳೆ. ಬರಿ ಕೈಯಲ್ಲಿ ಕಳಿಸಾದಾ?” ಎಂದು ಅಜ್ಜಿ ಶುಕ್ರವಾರವೇ ಮಡಿಲಕ್ಕಿ ಕಟ್ಟಿದಳು. ಅಕ್ಕಿ, ಕೊಬ್ಬರಿ, ಬೆಲ್ಲ, ವೀಳ್ಯದೆಲೆ, ಅಡಿಕೆ, ಅರಿಶಿನ ಕುಂಕುಮ, ಪೆಟ್ಟಿಗೆಯ ತಳದಲ್ಲಿ ಮಡಿಸಿಟ್ಟಿದ್ದ ಒಂದು ಹಸಿರು ರವಿಕೆ ಬಟ್ಟೆ. ತವರಿಗೆ ಬಂದ ಹೆಣ್ಣುಮಗಳನ್ನು ಕಳಿಸುವಾಗ ಇವನ್ನೆಲ್ಲ ಅವಳ ಮಡಿಲಿಗೆ ತುಂಬಬೇಕು.

“ಅಜ್ಜೀ, ಅದು ಬರೀ ಆಕ್ಟಿಂಗು. ಅವ್ರ ಹೆಸ್ರು ವಿಭಾವರಿ,” ಎಂದಳು ಶೃತಿ.

“ಏನಾರ ಇರ್ಲಿ. ಅವ್ಳ ಕಣ್ಣಲ್ಲಿ ನೀರು ಬಂದದ್ದು ನಾನು ನೋಡಿವ್ನಿ,” ಎಂದಳು ಅಜ್ಜಿ. 

ಶೃತಿಯ ತಯಾರಿ ಬೇರೆಯೇ ಇತ್ತು. ಅಜ್ಜಿಯ ಪೆಟ್ಟಿಗೆಯಲ್ಲಿ ಹಳೆಯ ಚವುರಿ ಇತ್ತು. ಚವುರಿ ಎಂದರೆ ಗಿಡ್ಡ ಜಡೆಯನ್ನು ಉದ್ದ ಮಾಡಲು ಸೇರಿಸಿ ಹೆಣೆಯುವ ಕೂದಲು. ಶನಿವಾರ ಅದನ್ನು ಹಾಕಿ ಹೆಣೆಸಿಕೊಂಡಳು. ಜಡೆ ಮೊಣಕಾಲಿಗೆ ಬಂತು. ಚವುರಿ ಬೆಳ್ಳಗಾಗಿತ್ತು, ಶೃತಿಯ ಕೂದಲು ಕಪ್ಪು. ಅರ್ಧ ಜಡೆ ಮೊಮ್ಮಗಳದು, ಅರ್ಧ ಅಜ್ಜಿಯದು ಅನ್ನುವಂತಿತ್ತು. ಆದರೂ ಕನ್ನಡಿಯಲ್ಲಿ ಅವಳಿಗೆ ಕಂಡದ್ದು ತುಂಗಾನೇ.

ಆಟೋದಲ್ಲಿ ದಾರಿಯುದ್ದಕ್ಕೂ ಅವಳು ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡಳು. ‘ಮೇಡಂ, ದಯವಿಟ್ಟು ಧಾರಾವಾಹಿ ನಿಲ್ಲಿಸಬೇಡಿ. ನೀವು ಹೇಳಿದರೆ ಅವರು ಕೇಳುತ್ತಾರೆ.’ ಇಷ್ಟೇ. ಅಷ್ಟು ಒಳ್ಳೆಯ ತುಂಗಾ ಇಲ್ಲ ಅನ್ನುತ್ತಾಳೆಯೇ?

ಪಿರಿಯಾಪಟ್ಟಣದ ಅಂಗಡಿಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಮಧ್ಯಾಹ್ನವೇ ಬರಬೇಕಿದ್ದ ವಿಭಾವರಿ ಬಿಸಿಲು ಇಳಿಯುವ ಹೊತ್ತಿಗೆ ಬಂದಳು. ಜನ ಒಮ್ಮೆಗೇ ನುಗ್ಗಿದರು. ಯಾರದೋ ಕೈ ಶೃತಿಯ ಜಡೆಗೆ ಸಿಕ್ಕಿಕೊಂಡು, ಚವುರಿ ಕಿತ್ತು ಕೆಳಗೆ ಬಿತ್ತು. ಅದನ್ನು ಎತ್ತಿ ಧೂಳು ಕೊಡವಿ ಮಡಿಲಕ್ಕಿಯ ಚೀಲಕ್ಕೆ ತುರುಕುವಷ್ಟರಲ್ಲಿ ವಿಭಾವರಿ ವೇದಿಕೆ ಹತ್ತಿಯಾಗಿತ್ತು.

ಅವಳ ಕೂದಲು ಭುಜದವರೆಗೆ ಮಾತ್ರ ಇತ್ತು. “ಜಡೆ ಎಲ್ಲಿ ಮೇಡಂ?” ಎಂದು ಹುಡುಗರು ಕೂಗಿದರು. ಅವಳು ನಕ್ಕು, “ನಮಸ್ಕಾರ ಪಿರಿಯಾಪಟ್ಟಣ!” ಎಂದಳು. ದನಿ ಸಣ್ಣಗೆ, ಕೀರಲಾಗಿ ಕೇಳಿಸಿತು. ಮೈಕ್ ಸರಿಯಿಲ್ಲ ಎಂದುಕೊಂಡಳು ಶೃತಿ.

ರಿಬ್ಬನ್ ಕತ್ತರಿಸಿದ್ದಾಯಿತು, ಫೋಟೋ ತೆಗೆದದ್ದಾಯಿತು. ಜನ ಚದುರುವಾಗ ಕಾಂತರಾಜ್ ಮಾವ ಬಂದು ಇಬ್ಬರನ್ನೂ ಅಂಗಡಿಯ ಹಿಂದಿನ ಬಾಗಿಲಿಗೆ ಕರೆದೊಯ್ದ. ಊರೂರು ಸುತ್ತಿ ಮೈಕ್ ಕೂಗಿದ್ದಕ್ಕೆ ಅವನಿಗೆ ಅಲ್ಲಿ ಅಷ್ಟು ಸಲುಗೆ ಇತ್ತು. “ಒಂದೈದು ನಿಮಿಷ, ಅಷ್ಟೇ. ಅವ್ರು ಊಟ ಮಾಡ್ತಾವ್ರೆ,” ಎಂದ.

ಒಳಗೆ ಸೀರೆಯ ಡಬ್ಬಗಳ ರಾಶಿ. ನಡುವೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ವಿಭಾವರಿ ಚಪ್ಪಲಿ ಬಿಚ್ಚಿ ಕೂತು, ಪೊಟ್ಟಣದ ಮೊಸರನ್ನ ತಿನ್ನುತ್ತಿದ್ದಳು. ಹತ್ತಿರದಿಂದ ನೋಡಿದರೆ ತುಂಬಾ ಚಿಕ್ಕವಳು. ಹೈಸ್ಕೂಲಿಗೆ ಹೊಸದಾಗಿ ಬಂದ ಟೀಚರ್ ಥರ ಇದ್ದಳು.

“ಅವ್ವಾ ತುಂಗಾ, ಎಷ್ಟು ಸಣ್ಣಗಾಗಿದ್ದೀಯೇ!” ಎಂದಳು ಅಜ್ಜಿ.

“ನಮಸ್ಕಾರ ಅಮ್ಮಾ. ನನಗೆ ಕನ್ನಡ… ಸೊಲ್ಪ ಸೊಲ್ಪ ಬರೋದು.”

ಇಲ್ಲಿ ಮೈಕ್ ಇರಲಿಲ್ಲ. ದನಿ ಮಾತ್ರ ಅದೇ, ಸಣ್ಣದು. ಹಂಡೆಯ ನೀರಿನಂಥ ಬೆಚ್ಚನೆಯ ದನಿ ಎಲ್ಲಿ ಹೋಯಿತು?

“ನಿಮ್ಗೆ… ಗಂಟಲು ನೋವಾ ಮೇಡಂ?” ಎಂದಳು ಶೃತಿ.

ವಿಭಾವರಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಆಮೇಲೆ ಜೋರಾಗಿ ನಕ್ಕಳು. “ಇಲ್ಲ ಇಲ್ಲ. ತುಂಗಾ ವಾಯ್ಸ್ ನನ್ನದಲ್ಲ. ಡಬ್ಬಿಂಗ್. ಬೆಂಗಳೂರಲ್ಲಿ ಒಬ್ಬರು ಅಕ್ಕ ಇದಾರೆ. ನಾನು ಸುಮ್ಮನೆ ಬಾಯಿ ಆಡಿಸೋದು, ಅವರು ಮಾತಾಡೋದು.”

“ನಿಮ್ಗೆ ಅವ್ರು ಫ್ರೆಂಡಾ?”

“ನಾನು ಅವರನ್ನ ನೋಡೇ ಇಲ್ಲ. ಅವರು ದಿನಾ ನನ್ನ ನೋಡ್ತಾರೆ,” ಎಂದು ವಿಭಾವರಿ ಇನ್ನೊಂದು ತುತ್ತು ತಿಂದಳು.

ಶೃತಿ ಬಾಯಿ ಬಿಟ್ಟುಕೊಂಡು ನಿಂತಳು. “ಬಾ ಕಂದಾ” ಎಂದು ದಿನಾ ಕರೆದದ್ದು ಇವಳಲ್ಲ. ಕರೆದವಳ ಮುಖ ಯಾರಿಗೂ ಗೊತ್ತಿಲ್ಲ. ಅವಳಿಗೆ ಅಳು ಬಂದಂತಾಯಿತು, ಆದರೆ ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೋ ತಿಳಿಯಲಿಲ್ಲ.

ಅಜ್ಜಿಗೆ ಮಾತ್ರ ಇದ್ಯಾವುದೂ ದೊಡ್ಡ ವಿಷಯ ಅನ್ನಿಸಲಿಲ್ಲ. “ಓ, ಕೇರಳದೋಳಾ ನೀನು!” ಎಂದಳು. ಅಜ್ಜಿ ಹಿಂದೊಮ್ಮೆ ಕೇರಳದವರ ಶುಂಠಿ ಹೊಲದಲ್ಲಿ ಕೆಲಸ ಮಾಡಿದ್ದಳು, ಅವರ ಮಾತಿನ ಧಾಟಿ ಅವಳಿಗೆ ಗೊತ್ತಿತ್ತು. ಬಾಗಿ, “ಊಣು ಕಳಿಚ್ಚೋ?” ಎಂದು ಕೇಳಿದಳು. ಊಟ ಆಯಿತೇ ಅಂತ.

ವಿಭಾವರಿಯ ಕೈ ಬಾಯಿಯ ಹತ್ತಿರವೇ ನಿಂತಿತು. ಮುಖ ಅರಳಿತು. ಪಟಪಟ ಪಟಪಟ ಅಂತ ಮಲಯಾಳದಲ್ಲಿ ಏನೇನೋ ಹೇಳತೊಡಗಿದಳು. ಅಜ್ಜಿ ಎಲ್ಲದಕ್ಕೂ ತಲೆ ಆಡಿಸಿದಳು. ನಿಜ ಹೇಳಬೇಕೆಂದರೆ ಅಜ್ಜಿಗೆ ಬರುತ್ತಿದ್ದುದು ಅದೊಂದೇ ಮಾತು. ಆದರೆ ಅದನ್ನು ಹೇಳಿ ಆ ಹುಡುಗಿಯ ಖುಷಿ ಕೆಡಿಸುವಷ್ಟು ದಡ್ಡಿಯಲ್ಲ ಅವಳು.

ಊಟ ಮುಗಿದ ಮೇಲೆ ಅಜ್ಜಿ ಚೀಲ ಬಿಚ್ಚಿದಳು. ಮೊದಲು ಹೊರಬಂದದ್ದು ಚವುರಿ. ವಿಭಾವರಿ ಅದನ್ನು ನೋಡಿ, ಶೃತಿಯ ಗಿಡ್ಡ ಜಡೆಯನ್ನು ನೋಡಿ, “ನಂದೂ ಹಿಂಗೇ! ವಿಗ್. ವಾಪಸ್ ಕೊಟ್ಟಾಯ್ತು,” ಎಂದಳು.

“ಗಂಡ ಇಲ್ದೋಳು ನಾನು ಮಡಿಲು ತುಂಬಬಾರ್ದು. ನೀನು ತುಂಬು ಮಗ,” ಎಂದಳು ಅಜ್ಜಿ. ಅಜ್ಜಿಯ ಕಾಲದ ಲೆಕ್ಕ ಹಾಗೆ. ಶೃತಿ ಬೊಗಸೆ ಬೊಗಸೆಯಾಗಿ ಅಕ್ಕಿಯನ್ನು ವಿಭಾವರಿಯ ಸೆರಗಿಗೆ ಹಾಕಿದಳು. ವಿಭಾವರಿ ತಲೆ ಬಗ್ಗಿಸಿ ನಿಂತಿದ್ದಳು. “ಇವಾಗ ಒಂದು ಹಿಡಿ ವಾಪಸ್ ಕೊಡ್ಬೇಕವ್ವ. ತವರು ಬರಿದಾಗಬಾರ್ದು,” ಎಂದು ಅಜ್ಜಿ ಕೈಸನ್ನೆಯಲ್ಲಿ ತೋರಿಸಿದಳು. ವಿಭಾವರಿ ಒಂದು ಹಿಡಿ ಅಕ್ಕಿಯನ್ನು ಶೃತಿಯ ಅಂಗೈಗೆ ಸುರಿದಳು.

ಹೊರಗೆ ಕಾರಿನ ಹಾರನ್ನು ಕೇಳಿಸಿತು.  ಶೃತಿ ಜೋಡಿಸಿಕೊಂಡಿದ್ದ ಮಾತೆಲ್ಲ ಚದುರಿಹೋಗಿ, ಒಳಗಿದ್ದದ್ದೇ ಹೊರಗೆ ಬಂತು.

“ಮೇಡಂ, ಧಾರಾವಾಹಿ ನಿಲ್ಲಿಸ್ಬೇಡಿ. ಅದು ಮುಗಿದ್ರೆ ನಾನೂ ಅಮ್ಮನೂ ಏನ್ ಮಾತಾಡೋದು? ನಮ್ಗೆ ಬೇರೆ ಏನೂ ಮಾತಾಡಕ್ಕೆ ಬರಲ್ಲ ಮೇಡಂ. ಅಮ್ಮ ಫೋನ್ ಇಟ್ಬಿಡ್ತಾಳೆ.”

ಅಷ್ಟು ಬಡಬಡ ಹೇಳಿದ ಕನ್ನಡ ವಿಭಾವರಿಗೆ ಎಷ್ಟು ಅರ್ಥವಾಯಿತೋ! ಅವಳು ಶೃತಿಯ ಕೆನ್ನೆ ಮುಟ್ಟಿ, “ಥ್ಯಾಂಕ್ಯೂ ಮೋಳೆ… ಮಗಳೇ. ಅಮ್ಮನಿಗೂ ಥ್ಯಾಂಕ್ಸ್ ಹೇಳು. ಶೂಟಿಂಗ್ ಎಲ್ಲಾ ಮುಗೀತು. ಇನ್ನು ಹೊಸ ಸೀರಿಯಲ್,” ಎಂದಳು. ಕಾಂತರಾಜ್ ಮಾವ ಅವಸರದಲ್ಲಿ ಒಂದು ಫೋಟೋ ತೆಗೆದ. ವಿಭಾವರಿ ಚಪ್ಪಲಿ ಹಾಕಿಕೊಂಡು, ಮಡಿಲಿನ ಗಂಟನ್ನು ಜೋಪಾನವಾಗಿ ಹಿಡಿದುಕೊಂಡು ಕಾರು ಹತ್ತಿ ಹೋದಳು.

ವಾಪಸ್ ಬರುವಾಗ ಮೈಕ್ ಸುಮ್ಮನಿತ್ತು. ದಾರಿಯ ಎರಡೂ ಕಡೆ ಹೊಗೆಸೊಪ್ಪಿನ ಹೊಲಗಳು. ಶೃತಿ ಅಕ್ಕಿಯ ಹಿಡಿಯನ್ನು ಬಿಡಲೇ ಇಲ್ಲ. ಅಂಗೈ ಬೆವರಿ ಅಕ್ಕಿ ಒದ್ದೆಯಾಯಿತು.

“ಒಳ್ಳೆ ಎಣ್ಣು,” ಎಂದಳು ಅಜ್ಜಿ.

 ಶೃತಿ ತನ್ನ ಜೀವನದಲ್ಲೇ ದೊಡ್ಡ ಮಾತನ್ನು ಹೇಳಿದ್ದಳು. ಅದಕ್ಕೆ ಬಂದ ಉತ್ತರ ‘ಥ್ಯಾಂಕ್ಯೂ’.

ಆ ಸಂಜೆ ಟಿವಿ ಹಾಕಲೇ ಮನಸ್ಸಿರಲಿಲ್ಲ. ಆದರೂ ಹಾಕಿದಳು. ಅದೇ ಉದ್ದ ಜಡೆ, ಅದೇ ಮುಖ. ಆ ಮುಖದಿಂದ ಯಾರದೋ ದನಿ ಬರುತ್ತಿತ್ತು. ಸರಿಯಾಗಿ ನೋಡಿದರೆ ತುಟಿ ಒಂದು ಹೇಳಿದರೆ ಮಾತು ಇನ್ನೊಂದು ಹೇಳುತ್ತಿತ್ತು. ಶೃತಿ ಕಣ್ಣು ಮುಚ್ಚಿಕೊಂಡಳು. ಈಗ ಬರೀ ದನಿ. ದನಿ ಚೆನ್ನಾಗಿಯೇ ಇತ್ತು. ಆದರೆ ತುಂಗಾ ಕೂತಿದ್ದಾಳೋ ನಿಂತಿದ್ದಾಳೋ, ಹತ್ತಿರ ಯಾರಿದ್ದಾರೋ, ಒಂದೂ ತಿಳಿಯುವಂತಿರಲಿಲ್ಲ. ಅದು ಕತ್ತಲಲ್ಲಿ ಕೂತಂತೆ ಅನ್ನಿಸಿ ಬೇಗ ಕಣ್ಣು ಬಿಟ್ಟಳು.

ಮುಗಿದ ಕೂಡಲೇ ಫೋನು ಬಂತು.

“ಹೋಗಿದ್ರಾ? ಸಿಕ್ಕಿದ್ಲಾ? ಎದುರೆದುರಿಗೇ ಮಾತಾಡಿದ್ಲಾ? ವಾಯ್ಸ್ ಹೆಂಗಿತ್ತು ಮಗ? ಅಂಗೇ ಇತ್ತಾ?” ಅಮ್ಮ ಉಸಿರು ಬಿಡದೆ ಕೇಳಿದಳು.

ಬೀದಿಯಲ್ಲಿ ಎಲ್ಲರೂ ಕೇಳಿದ್ದು ಬೆಳ್ಳಗಿದ್ದಾಳಾ, ಎತ್ತರ ಇದ್ದಾಳಾ ಅಂತ. ದನಿ ಹೇಗಿತ್ತು ಎಂದು ಕೇಳಿದವಳು ಅಮ್ಮ ಒಬ್ಬಳೇ. ಅದನ್ನೇ ಹೇಗೆ ಹೇಳುವುದು? ಶೃತಿ ಮಾತು ತಪ್ಪಿಸಿದಳು.

“ಅಮ್ಮ, ನಾನು ಅಜ್ಜಿ ಚವುರಿ ಹಾಕ್ಕೊಂಡು ಹೋಗಿದ್ದೆ. ಅದು ಜನದಲ್ಲಿ ಕಿತ್ಕೊಂಡು ಬಿದ್ದೇ ಹೋಯ್ತು!”

“ಚವುರಿನಾ?” ಅಮ್ಮ ನಕ್ಕಳು. “ಅದ್ಯಾಕವ್ವ ಹಾಕ್ಕೊಂಡೆ?”

“ಯಾಕೆ ಅಂದ್ರೆ? ತುಂಗಾ ಥರ.”

“ಓ… ತುಂಗಂಗೆ ಅಷ್ಟುದ್ದ ಜಡೆನಾ?”

ಶೃತಿ ಫೋನನ್ನು ಕಿವಿಯಿಂದ ತೆಗೆದು ಒಮ್ಮೆ ನೋಡಿ, ಮತ್ತೆ ಕಿವಿಗಿಟ್ಟುಕೊಂಡಳು. ತುಂಗಾಳ ಜಡೆ! ಧಾರಾವಾಹಿಯನ್ನು ಒಂದೇ ದಿನ, ಒಂದೇ ನಿಮಿಷ ನೋಡಿದವರಿಗೂ ಮೊದಲು ಕಾಣುವುದೇ ಅದು. ಅದರ ಬಗ್ಗೆ ಇವರಿಬ್ಬರೂ ಯಾವತ್ತೂ ಮಾತಾಡಿರಲಿಲ್ಲ. ಎಲ್ಲರಿಗೂ ಕಾಣುವುದನ್ನು ಯಾರಾದರೂ ಹೇಳುತ್ತಾರೆಯೇ?

“ಅಮ್ಮ, ನೀನು ಟಿವಿ ನೋಡುವಾಗ ಎಲ್ಲಿ ಕೂತ್ಕೋತೀಯಾ?”

“ಅದೇ… ಸೋಫಾ ಪಕ್ಕ. ಯಾಕೆ ಮಗ?”

ಅವಳ ಹಿಂದೆ ಕುಕ್ಕರ್ ಕೂಗಿತು. ಸೌಟು ಬಾಣಲೆಗೆ ತಾಗಿತು. ಧಾರಾವಾಹಿ ಮುಗಿದ ಮೇಲೆ ದಿನಾ ಕೇಳಿಸುತ್ತಿದ್ದ ಸದ್ದುಗಳೇ ಅವು. ಇಂದು ಶೃತಿ ಅವನ್ನು ಮೊದಲ ಸಲ ಕೇಳಿಸಿಕೊಂಡಳು. ಕರೆಂಟು ಹೋದ ದಿನ ಎಲ್ಲರ ಮಾತನ್ನೂ ಒಪ್ಪಿಸಿ ಸೀರೆಯ ಬಣ್ಣ ಮಾತ್ರ ಹೇಳದ ಅಮ್ಮ ನೆನಪಾದಳು. ಗೋಡೆಯ ಆ ಕಡೆ ದೊಡ್ಡ ಟಿವಿ, ಸೋಫಾ, ಆ ಮನೆಯವರು. ಗೋಡೆಯ ಈ ಕಡೆ ಒಲೆಯ ಮುಂದೆ ಅಮ್ಮ, ಒಬ್ಬಳೇ.

ಅಮ್ಮನಿಗೆ ಇದ್ದದ್ದು ಬರೀ ದನಿ. ಉಳಿದದ್ದನ್ನೆಲ್ಲ ಅವಳು ದಿನಾ ಶೃತಿಯಿಂದ ಕೇಳಿ ತೆಗೆದುಕೊಳ್ಳುತ್ತಿದ್ದಳು. ಅದು ಪರೀಕ್ಷೆ ಆಗಿರಲೇ ಇಲ್ಲ.

“ಏನವ್ವ ಸುಮ್ನಾಗ್ಬಿಟ್ಟೆ? ವಾಯ್ಸ್ ಹೆಂಗಿತ್ತು ಹೇಳ್ಲೇ ಇಲ್ವಲ್ಲ?”

ಶೃತಿ ಫೋನನ್ನು ಕಿವಿಗೆ ಒತ್ತಿ ಹಿಡಿದಳು.

“ಅದೇ ವಾಯ್ಸು ಕಣಮ್ಮ,” ಎಂದಳು. “ಟಿವೀಲಿ ಬರೋದೇ. ಒಂಚೂರೂ ಬೇರೆ ಇಲ್ಲ.”

“ನಂಗೊತ್ತಿತ್ತು!” ಅಮ್ಮನ ದನಿಯಲ್ಲಿ ಅಷ್ಟು ಸಂತೋಷವನ್ನು ಶೃತಿ ಬಹಳ ದಿನದಿಂದ ಕೇಳಿರಲಿಲ್ಲ.

“ಜಡೆ ಮೊಣಕಾಲ ತನಕ ಬತ್ತದಮ್ಮ,” ಎಂದು ಶೃತಿ ತಾನಾಗಿ ಮುಂದುವರಿಸಿದಳು. “ತುದೀಲಿ ಕೆಂಪು ಕುಚ್ಚು. ನಡೆಯುವಾಗ ಆ ಕಡೆ ಈ ಕಡೆ ಆಡ್ತದೆ. ಇವತ್ತು ಹಳದಿ ಸೀರೆ, ಅಂಚು ಕೆಂಪು…”

ಮುಂದಿನ ವಾರವೆಲ್ಲ ಅವಳು ಹಾಗೆಯೇ ಹೇಳಿದಳು. ಅಮ್ಮ ಕೇಳುವವರೆಗೆ ಕಾಯಲಿಲ್ಲ. ಶನಿವಾರ ತುಂಗಾಳ ಅತ್ತೆ ಕಾಲು ಹಿಡಿದು ಕ್ಷಮೆ ಕೇಳಿದಳು, ಎಲ್ಲರೂ ಅತ್ತರು, ಧಾರಾವಾಹಿ ಮುಗಿಯಿತು.

ಸೋಮವಾರ ಅದೇ ಹೊತ್ತಿಗೆ ಬೇರೆ ಯಾವುದೋ ಶುರುವಾಯಿತು. ಯಾರೋ ಯಾರನ್ನೋ ಕಾರಿನಲ್ಲಿ ಅಟ್ಟಿಸಿಕೊಂಡು ಹೋಗುತ್ತಿದ್ದರು. ಶೃತಿ ಟಿವಿ ಆರಿಸಿ ಫೋನಿನ ಮುಂದೆ ಕೂತಳು.

ಫೋನು ಬರಲಿಲ್ಲ. ಅಜ್ಜಿ ಮುದ್ದೆಗೆ ಎಸರಿಟ್ಟಳು. ಆಗಲೂ ಬರಲಿಲ್ಲ. ಶೃತಿಗೆ ಮಾತಿಲ್ಲದ ಆ ಹಳೆಯ ದಿನಗಳು ನೆನಪಾದವು. ಅಲ್ಲಿ ಅಮ್ಮನೂ ಹೀಗೇ ಫೋನು ಹಿಡಿದುಕೊಂಡು ನಿಂತಿರಬಹುದೇ, ಏನು ಕೇಳಲಿ ಎಂದು ಹುಡುಕುತ್ತಾ?

ಅವಳು ತಾನೇ ಗುಂಡಿ ಒತ್ತಿದಳು. ಒಂದೇ ರಿಂಗಿಗೆ ಅಮ್ಮ ಎತ್ತಿದಳು.

“ಮಗಾ! ಊಟ ಆಯ್ತಾ?”

“ಇಲ್ಲ, ಈಗ ಮಾಡ್ಬೇಕು.”

“ಹೋಂವರ್ಕು?”

“ಆಯ್ತು.”

ಎರಡು ಕಡೆಯೂ ಮೌನ. ಶೃತಿ ಫೋನು ಹಿಡಿದುಕೊಂಡೇ ಎದ್ದು ಹೊಸ್ತಿಲ ಮೇಲೆ ಕೂತು, ಮನೆಯೊಳಗೆ ನೋಡಿದಳು. ಅಡುಗೆ ಒಲೆಯ ಬೆಳಕು ಅಜ್ಜಿಯ ಮುಖದ ಮೇಲೆ ಬಿದ್ದಿತ್ತು.

“ಅಮ್ಮ, ಅಜ್ಜಿ ಒಲೆ ಮುಂದೆ ಕುಕ್ಕರಗಾಲಲ್ಲಿ ಕೂತವ್ಳೆ,” ಎಂದಳು. “ಒಂದು ಕೈಯಲ್ಲಿ ಮುದ್ದೆ ಕೋಲು, ಇನ್ನೊಂದ್ರಲ್ಲಿ ಇಕ್ಕಳ. ಹೊಗೆಸೊಪ್ಪಿನ ಅಂಟು ಇವತ್ತು ಮೊಣಕೈ ತನಕ ಬಂದದೆ. ತುಂಗಾ ಕೊಟ್ಟ ಅಕ್ಕೀನ ಮಡಕೆ ಒಳಗೆ ಹಾಕವ್ಳೆ, ಮೇಲೆ ಒಂದು ಹೂವ ಇಟ್ಟವ್ಳೆ. ಬಾಗಿಲತ್ರ ಬೆಕ್ಕು ಮಲ್ಕೊಂಡದೆ, ಕಾಲು ಮೇಲ್ಮಾಡ್ಕೊಂಡು. ನಾನು ಹೊಸ್ತಿಲ ಮೇಲೆ ಕೂತಿವ್ನಿ. ನಂದು ಸ್ಕೂಲ್ ಯೂನಿಫಾರ್ಮು, ಇನ್ನೂ ಬಿಚ್ಚಿಲ್ಲ. ಅಜ್ಜಿ ಸೀರೆ ಹಸಿರು.”

ಆ ಕಡೆ ಒಲೆ ಆರಿಸಿದ ಸದ್ದು ಕೇಳಿಸಿತು. ಸೌಟು ಕೆಳಗಿಟ್ಟ ಸದ್ದು. 

“ಅಂಚು?” ಎಂದಳು ಅಮ್ಮ ಮೆಲ್ಲಗೆ. “ಅಂಚು ಯಾವ ಬಣ್ಣ ಮಗ?”